ಕೆರೆಯ ನಡುವೆ ನಿಂತ ಜೊತೆಗಾಡಿ

ಕಳೆದ ತಿಂಗಳು ನಮ್ಮ ಹಳೆಯ ಕಚೇರಿಗೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಜೋಗುಪಾಳ್ಯದ ನಮ್ಮ ಮನೆಗೆ ಬಂದಿದ್ದರು. ಕಾಲೇಜು ವಿದ್ಯಾರ್ಥಿಗಳು ಒಂದೇ ಗಾಡಿಯನ್ನು ಹಂಚಿಕೊಂಡು ಓಡಾಡುವ ಯೋಜನೆಯೊಂದನ್ನು ಪ್ರಯೋಗಕ್ಕೆಂದು ಶುರು ಮಾಡಲು ನಗರ ಮತ್ತೆ ಯೋಚಿಸುತ್ತಿದೆಯಂತೆ. "ಮೇಡಂ, ನೀವು ಸರ್ವಿಸ್‌ನಲ್ಲಿ ಇದ್ದಾಗ ಇದನ್ನ ಒಂದ್ಸಲ ಮಾಡಿದ್ರಂತಲ್ಲ, ಹೇಗಿತ್ತು?" ಎಂದು ಕೇಳಿದರು. "ಚೆನ್ನಾಗಿತ್ತು" ಎಂದೆ. ಅಷ್ಟಕ್ಕೆ ಎದ್ದು ಹೋಗುವ ಲಕ್ಷಣ ಅವರಲ್ಲಿ ಕಾಣಲಿಲ್ಲ. ಕಾಫಿ ಮಾಡಿದೆ. ಕಾಫಿಯ ಜೊತೆಗೆ ಹೇಳಿದ ಮಾತುಗಳನ್ನೇ ಸ್ವಲ್ಪ ಒಪ್ಪ ಮಾಡಿ ಇಲ್ಲಿ ಬರೆದಿದ್ದೇನೆ. ಸಾರಿಗೆ ಯೋಜನೆಯ ಕೆಲಸಕ್ಕೆ ಸೇರುವ ಮಕ್ಕಳಿಗೆ ಇದರಿಂದ ಉಪಯೋಗವಾದರೆ ಸಂತೋಷ, ಆಗದಿದ್ದರೆ ಬಸ್ಸಿಗೆ ಕಾಯುವಾಗ ಓದಿಕೊಳ್ಳಲಿ.

ನನ್ನ ಬಡ್ತಿಗಳ ಕಥೆ ಹೇಳುವುದಿಲ್ಲ. ಬಡ್ತಿ ಬಂದಾಗಲೆಲ್ಲ ಕುರ್ಚಿಯ ಬೆನ್ನು ಸ್ವಲ್ಪ ಎತ್ತರವಾಗುತ್ತಿತ್ತು, ನನ್ನ ಬೆನ್ನು ಸ್ವಲ್ಪ ಬಾಗುತ್ತಿತ್ತು. ಅದರಲ್ಲಿ ಬರೆಯುವಂಥದ್ದು ಇನ್ನೇನೂ ಇಲ್ಲ.

ನಾನು ಸೇರಿದ ಕಾಲದಲ್ಲಿ ವಾಹನ ಎಣಿಸುವ ಯಂತ್ರ ಎಂದರೆ ನಾವೇ. ರಸ್ತೆ ಬದಿಯಲ್ಲಿ ಸ್ಟೂಲ್ ಹಾಕಿಕೊಂಡು ಕೂತು, ಹೋದ ಗಾಡಿಗೊಂದು ಗೀಟು ಎಳೆಯುವುದೇ ಕೆಲಸ. ಒಮ್ಮೆ ಹಲಸೂರಿನ ಪೇಟೆ ಬೀದಿಯಲ್ಲಿ ಆ ಕೆಲಸಕ್ಕೆ ಕೂತಿದ್ದೆ. ಅಂದು ಖಾಕಿ ಬಣ್ಣದ ಸೀರೆ ಉಟ್ಟು ಹೋದದ್ದು ನನ್ನ ಗ್ರಹಚಾರ. ದೂರದಿಂದ ನನ್ನನ್ನು ಕಂಡ ಸ್ಕೂಟರಿನವರೆಲ್ಲ, ಹೆಲ್ಮೆಟ್ ಇಲ್ಲದವರ ನಂಬರನ್ನು ಯಾರೋ ಪೊಲೀಸ್ ಹೆಂಗಸು ಬರೆದುಕೊಳ್ಳುತ್ತಿದ್ದಾಳೆ ಎಂದುಕೊಂಡು ಪಕ್ಕದ ಓಣಿಗೆ ತಿರುಗಿಬಿಟ್ಟರು. ಮಧ್ಯಾಹ್ನದ ಹೊತ್ತಿಗೆ ಆ ಬೀದಿಯಲ್ಲಿ ಕೈಗಾಡಿ, ಹಸು ಮತ್ತು ನಾನು ಮಾತ್ರ ಉಳಿದಿದ್ದೆವು. ನನ್ನ ಗೀಟುಗಳನ್ನು ನೋಡಿದ ಆಗಿನ ಸಾಹೇಬರು, "ಏನ್ರೀ ಇದು, ಟ್ರಾಫಿಕ್ ಇಷ್ಟು ಕಮ್ಮಿ ಆಗ್ಬಿಟ್ಟಿದೆ! ವೆರಿ ಗುಡ್" ಎಂದು ಸಂತೋಷಪಟ್ಟರು. ನಡೆದದ್ದನ್ನು ವಿವರಿಸಲು ಬಾಯಿ ತೆರೆಯುವ ಹೊತ್ತಿಗೆ ಆ ಬೀದಿಯನ್ನು ಅಗಲ ಮಾಡುವ ಆಲೋಚನೆಯನ್ನೇ ಅವರು ಕೈಬಿಟ್ಟಿದ್ದರು. ಅಲ್ಲಿನ ಅಂಗಡಿಯವರು ನನ್ನ ಸೀರೆಗೆ ಪೂಜೆ ಮಾಡಬೇಕು. ಅವರಿಗೆ ಪಾಪ, ವಿಷಯವೇ ಗೊತ್ತಿಲ್ಲ.

ಆಮೇಲೆ ಕಂಬದ ಮೇಲೆ ಕ್ಯಾಮೆರಾ ಬಂತು, ಅದಾದ ಮೇಲೆ ಫೋನಿನ ನಕ್ಷೆಗಳು ಬಂದವು. ಗೀಟಿನ ಕಾಲದಲ್ಲಿ ತಪ್ಪು ತಪ್ಪಿನ ಹಾಗೆಯೇ ಕಾಣುತ್ತಿತ್ತು. ಈಗ ತಪ್ಪೂ ಬಣ್ಣಬಣ್ಣದ ಚಿತ್ರವಾಗಿ ಬರುವುದರಿಂದ ಕೈಮುಗಿದು ನಂಬುತ್ತೇವೆ. ಹೊಸಬರು ಮೊದಲು ತಿಳಿಯಬೇಕಾದದ್ದು ಇದು.

ನಾನು ನಿವೃತ್ತಿಯ ಹತ್ತಿರ ಬಂದಿದ್ದಾಗ ನಮ್ಮ ನಿರ್ದೇಶಕರಾಗಿ ಬಂದವರು ಜಯದೇವ ಸಾಹೇಬರು. ಒಳ್ಳೆಯ ಮನುಷ್ಯರು. ಯಾರ ಮೇಲೂ ಕೂಗಾಡಿದವರಲ್ಲ, ಕಚೇರಿಯ ಗುಮಾಸ್ತರ ಮಕ್ಕಳ ಹೆಸರೆಲ್ಲ ಅವರಿಗೆ ಗೊತ್ತಿತ್ತು. ಅವರಿಗಿದ್ದ ದೌರ್ಬಲ್ಯ ಒಂದೇ, ವಿದೇಶ ಪ್ರವಾಸ. ಪ್ರವಾಸಕ್ಕೆ ಹೋದರೆ ಚಾಕೊಲೇಟ್ ತರುವವರನ್ನು ನೋಡಿದ್ದೇನೆ. ಇವರು ಯೋಜನೆ ತರುತ್ತಿದ್ದರು. ಹಾಗೆ ಯಾವುದೋ ಊರಿನಲ್ಲಿ ವಿದ್ಯಾರ್ಥಿಗಳು ಫೋನಿನಲ್ಲಿ ಹೇಳಿಕೊಂಡು ಒಂದೇ ಗಾಡಿಯಲ್ಲಿ ಒಟ್ಟಿಗೆ ಹೋಗುವುದನ್ನು ನೋಡಿ ಬಂದು, "ಪದ್ಮಾ ಮೇಡಂ, ನಮ್ಮ ಈಸ್ಟ್ ಕಡೆ ಇದನ್ನ ಮಾಡ್ಲೇಬೇಕು ರೀ. ಮೆಟ್ರೊ ಇದೆ, ಕಾಲೇಜುಗಳಿವೆ, ಮಧ್ಯದಲ್ಲಿ ಏನೂ ಇಲ್ಲ. ಆ ಮಧ್ಯದ್ದನ್ನ ನಾವು ತುಂಬೋಣ" ಎಂದರು.

ಮಾತು ಸರಿಯಾಗಿಯೇ ಇತ್ತು. ಮೆಟ್ರೊ ಇಳಿದ ಮೇಲೆ ಒಳಗಿನ ಬಡಾವಣೆಗಳಿಗೆ ಹೋಗುವುದು ಎಷ್ಟು ಕಷ್ಟ ಎಂಬುದನ್ನು ಕೆ.ಆರ್. ಪುರದ ಕಡೆಯವರನ್ನು ಕೇಳಬೇಕು. ಸಣ್ಣ ವ್ಯಾನುಗಳನ್ನು ಗೊತ್ತು ಮಾಡುವುದು, ವಿದ್ಯಾರ್ಥಿಗಳು ಆ್ಯಪ್‌ನಲ್ಲಿ ತಮ್ಮ ಜಾಗ ಮತ್ತು ಹೊತ್ತು ಹೇಳುವುದು, ಒಂದೇ ದಾರಿಯವರನ್ನು ಆ್ಯಪ್ ಒಟ್ಟು ಸೇರಿಸುವುದು, ಇದಿಷ್ಟು ಯೋಜನೆ. ಆದರೆ ಯೋಜನೆಗೆ ಹೆಸರಿರಲಿಲ್ಲ. ಹೆಸರಿಲ್ಲದ ಯೋಜನೆಗೆ ನಮ್ಮ ಕಚೇರಿಯಲ್ಲಿ ಕಡತವೂ ಹುಟ್ಟುವುದಿಲ್ಲ.

ಹೆಸರಿಗಾಗಿ ಸಭೆಯ ಮೇಲೆ ಸಭೆ ನಡೆಯಿತು. "ವಿದ್ಯಾರಥ" ಎಂದರು ಒಬ್ಬರು. ರಥ ಎಂದರೆ ಜನ ಎಳೆಯಬೇಕಾಗುತ್ತದೆ, ವ್ಯಾನು ಕೆಟ್ಟಾಗ ಅಪಹಾಸ್ಯವಾಗುತ್ತದೆ ಎಂದು ಇನ್ನೊಬ್ಬರು ತಡೆದರು. "ವಿದ್ಯಾಸವಾರಿ" ಎಂದಾಗ, ವಿದ್ಯೆಯ ಮೇಲೆ ಸವಾರಿ ಮಾಡುವ ಮಕ್ಕಳು ಈಗಾಗಲೇ ಬೇಕಾದಷ್ಟಿದ್ದಾರೆ ಎಂದು ಲೆಕ್ಕಪತ್ರ ವಿಭಾಗದವರು ನಿಟ್ಟುಸಿರು ಬಿಟ್ಟರು. ಕೊನೆಗೆ ಬೇಸತ್ತು ನಾನು "ಜೊತೆಗಾಡಿ" ಎಂದೆ. ಸಾಹೇಬರು ಕಣ್ಣು ಮುಚ್ಚಿ ಅದನ್ನು ಬಾಯಲ್ಲಿ ಪೆಪ್ಪರ್‌ಮಿಂಟಿನಂತೆ ಆಡಿಸಿ, "ಬ್ಯೂಟಿಫುಲ್!" ಎಂದರು. ಹೆಸರಿಟ್ಟವರೇ ಮಗುವನ್ನು ಸಾಕಬೇಕು ಎಂಬ ನಿಯಮದಂತೆ ಯೋಜನೆ ನನ್ನ ಮಡಿಲಿಗೆ ಬಿತ್ತು.

ವಿದ್ಯಾರ್ಥಿಗಳನ್ನು ಮಾತಾಡಿಸಲು ಶಿವಾಜಿನಗರದ ಬಳಿಯ ಕಾಲೇಜೊಂದರ ಗೇಟಿಗೆ ಹೋದೆ. ಗಾಡಿ ಹಂಚಿಕೊಂಡು ಹೋಗಲು ನಿಮಗೆ ಒಪ್ಪಿಗೆಯೇ ಎಂದು ಹುಡುಗರ ಗುಂಪನ್ನು ಕೇಳಿದೆ. ಅವರಲ್ಲೊಬ್ಬ ತನ್ನ ಬೈಕನ್ನು ತೋರಿಸಿ, "ಆಂಟಿ, ನಾವು ಆಗ್ಲೇ ಶೇರ್ ಮಾಡ್ತಿದೀವಿ. ಮೂರು ಜನ. ಪರೀಕ್ಷೆ ಟೈಮಲ್ಲಿ ನಾಲ್ಕು" ಎಂದ. ಪಕ್ಕದವನು, "ಮಗಾ, ಸುಮ್ನಿರೋ, ಅವ್ರು ಗವರ್ನಮೆಂಟು" ಎಂದು ಅವನ ಬಾಯಿ ಮುಚ್ಚಿದ. ಸೀರೆ ಆ ದಿನ ನೀಲಿಯದಾಗಿತ್ತು, ಆದರೂ ನನ್ನ ಮುಖದಲ್ಲೇ ಏನೋ ಖಾಕಿ ಇರಬೇಕು.

ಅಲ್ಲಿಯೇ ರೇಣುಕಾಳ ಪರಿಚಯವಾದದ್ದು. ಬಿ.ಕಾಂ. ಎರಡನೇ ವರ್ಷದ ಹುಡುಗಿ, ತೆಳ್ಳಗೆ, ಬ್ಯಾಗನ್ನು ಮಗುವಿನಂತೆ ಎದೆಗೆ ಅಪ್ಪಿಕೊಂಡಿದ್ದಳು. ಬೇರೆಯವರೆಲ್ಲ ಟಿಕೆಟ್ ಎಷ್ಟು, ಎಸಿ ಇರುತ್ತಾ, ಹಾಡು ಹಾಕ್ತಾರಾ ಎಂದು ಕೇಳಿದರೆ ಇವಳು ಕೇಳಿದ್ದು ಒಂದೇ ಮಾತು. "ಮೇಡಂ, ಇದು ಯಾವಾಗ ಶುರು ಆಗುತ್ತೆ?"

"ಯಾಕಮ್ಮ, ಅಷ್ಟು ಅರ್ಜೆಂಟು?"

ಸ್ನೇಹಿತೆಯರು ಮುಂದೆ ಹೋಗುವವರೆಗೆ ಕಾದು ಅವಳು ಹೇಳಿದಳು. ಅವರದು ಕಲಬುರಗಿ ಕಡೆಯ ಕುಟುಂಬ. ತಂದೆ ಶರಣಪ್ಪ ಕಟ್ಟಡಗಳಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಾರೆ, ತಾಯಿ ಅಪಾರ್ಟ್‌ಮೆಂಟೊಂದರಲ್ಲಿ ಮನೆಗೆಲಸ. ಕೆ.ಆರ್. ಪುರದ ಆಚೆ ಕೆರೆಯ ಹಿಂದಿನ ಬಡಾವಣೆಯಲ್ಲಿ ಬಾಡಿಗೆ ರೂಮು. ಆ ವರ್ಷ ಕಂಪ್ಯೂಟರ್ ತರಗತಿ ಸಂಜೆಗೆ ಬಿದ್ದಿತ್ತು. ಮೆಟ್ರೊ ಇಳಿಯುವಾಗ ಕತ್ತಲಾಗುತ್ತದೆ, ಬಸ್ಸು ಸಿಗುವುದಿಲ್ಲ, ಆಟೊದವರು ಕೆರೆಯ ಕಡೆ ಎಂದರೆ ಬರುವುದಿಲ್ಲ. ನಡೆದು ಹೋಗುವ ದಾರಿಯಲ್ಲಿ ದೀಪವಿಲ್ಲ. ಒಂದು ಸಂಜೆ ಬೈಕಿನಲ್ಲಿ ಇಬ್ಬರು ಅವಳನ್ನು ಮನೆಯ ತಿರುವಿನವರೆಗೆ ಹಿಂಬಾಲಿಸಿದ್ದರು. ಅಂದಿನಿಂದ ಅಪ್ಪ ಕೆಲಸ ಅರ್ಧಕ್ಕೆ ಬಿಟ್ಟು ಬಂದು ಸ್ಟೇಷನ್ನಿನಲ್ಲಿ ಕಾಯುತ್ತಿದ್ದರು. ಮೇಸ್ತ್ರಿ ಎಷ್ಟು ದಿನ ಸುಮ್ಮನಿರುತ್ತಾನೆ? "ಈ ಸೆಮಿಸ್ಟರ್ ಮುಗೀಲಿ, ಆಮ್ಯಾಲ ಸಾಕು ಅಂದಾರ್ರಿ ಅಪ್ಪ" ಎಂದಳು. ಅಷ್ಟು ಹೊತ್ತು ಬೆಂಗಳೂರಿನವರ ಹಾಗೆ ಮಾತಾಡುತ್ತಿದ್ದ ಹುಡುಗಿ, ಅಪ್ಪನ ಮಾತು ಬಂದಾಗ ಅಪ್ಪನ ಭಾಷೆಗೇ ಹೊರಳಿದ್ದಳು.

ಶುರುವಾಗುವುದು ಯಾವಾಗ ಎಂಬ ಪ್ರಶ್ನೆಗೆ "ಪರಿಶೀಲನೆಯಲ್ಲಿದೆ ಕಣಮ್ಮ" ಎಂದೆ. ಆ ಪದವನ್ನು ಸೇವೆಯುದ್ದಕ್ಕೂ ಸರಾಗವಾಗಿ ಬಳಸಿದವಳು ನಾನು. ಅಂದು ಅದನ್ನು ಅವಳ ಮುಖ ನೋಡಿಕೊಂಡು ಹೇಳಲು ಆಗಲಿಲ್ಲ.

ಆಮೇಲೆ ಸಾರ್ವಜನಿಕರ ಅಭಿಪ್ರಾಯ ಕೇಳುವ ಸಭೆ. ಹಲಸೂರಿನ ಒಂದು ಸಮುದಾಯ ಭವನದಲ್ಲಿ ಸೇರಿಸಿದ್ದೆವು. ರೇಣುಕಾಳಿಗೂ ವಿಷಯ ತಿಳಿಸಿದ್ದೆ. ಅಭಿಪ್ರಾಯ ಕೇಳಿದರೆ ಬೆಂಗಳೂರಿನವರು ಎಂದೂ ನಿರಾಸೆ ಮಾಡುವುದಿಲ್ಲ. ಆಟೊ ಚಾಲಕರ ಮುಖಂಡ ಆರ್ಮುಗಂ ಮೊದಲೇ ಎದ್ದು, "ಸಾರ್, ಸ್ಟೂಡೆಂಟ್ಸ್‌ನೆಲ್ಲ ನೀವೇ ಕರ್ಕೊಂಡೋದ್ರೆ ನಾವು ಯಾರ್ನ ಕರ್ಕೊಂಡೋಗ್ಬೇಕು?" ಎಂದರು. "ನೀವು ಯಾರ್ನ ಕರ್ದ್ರೂ ಬರಲ್ಲ ಅಂತೀರಲ್ಲ!" ಎಂದು ಹಿಂದಿನ ಸಾಲಿನ ಒಬ್ಬ ಅಮ್ಮ ಕೂಗಿದರು. ಭವನವೆಲ್ಲ ನಕ್ಕಿತು. ಆರ್ಮುಗಂ ಕೂಡ ನಕ್ಕು ಕೂತರು. ಇಂದಿರಾನಗರದ ಹಿರಿಯರೊಬ್ಬರು ವ್ಯಾನು ತಮ್ಮ ಗೇಟಿನ ಮುಂದೆ ನಿಲ್ಲಬಾರದು ಎಂದರು. ನಿಲ್ಲುವುದಿಲ್ಲ ಎಂದಾಗ, ಹಾಗಾದರೆ ತಮ್ಮ ಮೊಮ್ಮಗಳು ಎಲ್ಲಿ ಹತ್ತಬೇಕು ಎಂದು ಕೇಳಿದರು. ಹುಡುಗ ಹುಡುಗಿಯರು ಒಂದೇ ಗಾಡಿಯಲ್ಲಿ ಕೂರುವುದೇ ಎಂದು ಇನ್ನೊಬ್ಬರ ಆತಂಕ. ಅವರ ಮಗ ಪಕ್ಕದಲ್ಲೇ ಕೂತು ತಲೆ ತಗ್ಗಿಸಿಕೊಂಡಿದ್ದ. ಅವನ ಕಿವಿ ಕೆಂಪಾಗಿದ್ದನ್ನು ನೋಡಿದರೆ ಆತಂಕಕ್ಕೆ ತುಸು ಕಾರಣವಿದ್ದಂತಿತ್ತು.

ಕೊನೆಯಲ್ಲಿ ಕೈಯೆಲ್ಲ ಸಿಮೆಂಟಿನ ಬಿರುಕುಗಳಿದ್ದ ಒಬ್ಬರು ಎದ್ದು ನಿಂತರು. ಪಕ್ಕದಲ್ಲಿ ರೇಣುಕಾ ಅವರ ಅಂಗಿಯ ತುದಿ ಹಿಡಿದು ಕೂರಿಸಲು ನೋಡುತ್ತಿದ್ದಳು.

"ನಮಸ್ಕಾರ್ರಿ. ನಾ ಶರಣಪ್ಪ. ಗಾಡಿ ಬರ್ತದ ಅಂತೀರಿ, ಭಾಳ ಚಲೋ ಆತು. ಬರ್ಲಿಲ್ಲಂದ್ರ ಯಾರಿಗಿ ಫೋನ್ ಹಚ್ಚಬೇಕ್ರಿ?"

"ಆ್ಯಪ್‌ನಲ್ಲೇ ದೂರು ಕೊಡಬಹುದು. ಸಿಸ್ಟಮ್ ಆಟೊಮ್ಯಾಟಿಕ್ ಆಗಿ ಉತ್ತರ ಕೊಡುತ್ತೆ" ಎಂದರು ಸಾಹೇಬರು.

"ಅದು ಹೌದ್ರಿ. ಮನ್ಷ್ಯಾರು ಯಾರರ ಫೋನ್ ಎತ್ತತಾರೇನ್ರಿ? ಕತ್ತಲಾಗಿರ್ತದ, ಮಗಳು ಬಂದಿರಂಗಿಲ್ಲ. ಅವಾಗ ನಾ ಯಾರಿಗಿ ಕೇಳ್ಬೇಕು? ಹೆಸ್ರು ಹೇಳ್ರಿ."

ಸಾಹೇಬರು ಮೇಜಿನ ಈ ತುದಿ ನೋಡಿದರು, ಆ ತುದಿ ನೋಡಿದರು. ಆಮೇಲೆ ಅವರ ಮುಖ ಬೆಳಗಿತು. "ನಮ್ಮ ಪದ್ಮಾ ಮೇಡಂ ಇದ್ದಾರಲ್ಲ! ಇವರಿಗೆ ಮಾಡಿ!" ಎಂದು ಮೈಕಿನಲ್ಲಿ ಹೇಳಿ, ನನ್ನ ಮೊಬೈಲ್ ನಂಬರನ್ನು ಅಂಕಿ ಅಂಕಿಯಾಗಿ ಎರಡು ಸಲ ಓದಿದರು. ಭವನದ ತುಂಬ ಜನ ಫೋನು ತೆಗೆದು ಒತ್ತಿಕೊಂಡರು. ಗಾಡಿಗೂ ಇದಕ್ಕೂ ಸಂಬಂಧವೇ ಇಲ್ಲದ ಭವನದ ಕಾವಲುಗಾರನೂ ಒತ್ತಿಕೊಂಡ.

ಪ್ರಯೋಗ ಶುರುವಾಯಿತು. ಕೆಲವೇ ವ್ಯಾನುಗಳು. ಒಂದು ಕಮ್ಮನಹಳ್ಳಿಯ ಕಡೆ, ಒಂದು ಇಂದಿರಾನಗರ ದೊಮ್ಮಲೂರಿನ ಕಡೆ, ಒಂದು ಕೆ.ಆರ್. ಪುರ ಮೆಟ್ರೊದಿಂದ ಕೆರೆಯ ಹಿಂದಿನ ಬಡಾವಣೆಗೆ, ಹೀಗೆ. ಮೊದಲ ದಿನದ ಅವಾಂತರವನ್ನು ಹೇಳಲೇಬೇಕು. ವಿದ್ಯಾರ್ಥಿಗಳು ಹತ್ತುವ ಜಾಗವನ್ನು ಅವರೇ ಬರೆಯಬೇಕಿತ್ತಷ್ಟೆ? ಅರ್ಧಕ್ಕರ್ಧ ಮಕ್ಕಳು "ಬೇಕರಿ ಹತ್ರ" ಎಂದು ಬರೆದಿದ್ದರು. ಬೇಕರಿ ಇಲ್ಲದ ತಿರುವು ಬೆಂಗಳೂರಿನಲ್ಲಿ ಎಲ್ಲಿದೆ? ಆ್ಯಪ್ ಪ್ರಾಮಾಣಿಕವಾಗಿ ಅವರನ್ನೆಲ್ಲ ಒಂದೇ ಬೇಕರಿಯವರು ಎಂದು ಸೇರಿಸಿತು. ಕಮ್ಮನಹಳ್ಳಿಯ ವ್ಯಾನು ಬೆಳಿಗ್ಗೆಯೆಲ್ಲ ಬೇಕರಿಯಿಂದ ಬೇಕರಿಗೆ ತೀರ್ಥಯಾತ್ರೆ ಮಾಡಿತು. ಕಾಲೇಜು ಮುಟ್ಟುವಾಗ ಮೊದಲ ಪಾಠ ಮುಗಿದಿತ್ತು, ಚಾಲಕನ ಹೊಟ್ಟೆ ಮಾತ್ರ ತುಂಬಿತ್ತು. "ಪ್ರತಿ ಸ್ಟಾಪಲ್ಲೂ ಕಾಯ್ಬೇಕಲ್ಲ ಮೇಡಂ, ಸುಮ್ನೆ ನಿಂತ್ರೆ ಬೇಕರಿಯವ್ರು ಬೈತಾರೆ, ಅದಕ್ಕೆ ಒಂದೊಂದು ಬನ್ನು ತಗೊಂಡೆ" ಎಂದು ಅವನ ವಿವರಣೆ.

ನನ್ನ ಫೋನಿನ ಪಾಡನ್ನು ಏನೆಂದು ಹೇಳಲಿ! ಟಿಫನ್ ಬಾಕ್ಸ್ ಮರೆತವನ ತಾಯಿ, ಹಾಲ್ ಟಿಕೆಟ್ ಸೀಟಿನ ಕೆಳಗೆ ಬಿಟ್ಟವಳ ಅಣ್ಣ, ಎಲ್ಲರೂ ನನಗೇ ಮಾಡುತ್ತಿದ್ದರು. ಒಬ್ಬಳು ಫೋನು ಮಾಡಿ, ನಿನ್ನೆಯಿಂದ ಒಬ್ಬನ ಜೊತೆ ಮಾತು ಬಿಟ್ಟಿದ್ದೇನೆ, ಅವನನ್ನು ಬೇರೆ ವ್ಯಾನಿಗೆ ಹಾಕಿ ಎಂದಳು. ವಾರದ ನಂತರ ಅವಳೇ ಫೋನು ಮಾಡಿ ವಾಪಸ್ ಹಾಕಿ ಎಂದಳು. ಕಮ್ಮನಹಳ್ಳಿಯ ಫಿಲೋಮಿನಾ ಪಾಟಿ ಎಂಬ ಅಜ್ಜಿಯಂತೂ ಮೊಮ್ಮಗ ಮನೆ ಬಿಡುವ ಮೊದಲೇ ತಮಿಳಿನಲ್ಲಿ "ವಂಡಿ ಎಂಗಮ್ಮಾ?" ಎಂದು ಕೇಳುತ್ತಿದ್ದರು. ಗಾಡಿ ಎಲ್ಲಿ ಎಂದು. ನನ್ನ ಯಜಮಾನರಿಗೆ ಎಷ್ಟು ಅಭ್ಯಾಸವಾಗಿತ್ತೆಂದರೆ, ನಾನು ಸ್ನಾನಕ್ಕೆ ಹೋದಾಗ ಫೋನು ಎತ್ತಿ, "ಹತ್ತು ನಿಮಿಷ ಪಾಟಿ" ಎಂದು ತಾವೇ ಹೇಳಿಬಿಡುತ್ತಿದ್ದರು.

ಶರಣಪ್ಪ ಮಾತ್ರ ಫೋನು ಮಾಡುತ್ತಿರಲಿಲ್ಲ. ರೇಣುಕಾಳನ್ನು ವ್ಯಾನು ಮನೆಯ ತಿರುವಿನಲ್ಲಿ ಇಳಿಸುತ್ತಿತ್ತು, ಚಾಲಕ ಮುನಿರಾಜು ಅವಳು ಬಾಗಿಲು ತಟ್ಟುವವರೆಗೆ ದೀಪ ಉರಿಸಿಕೊಂಡು ನಿಲ್ಲುತ್ತಿದ್ದ. ಶರಣಪ್ಪ ಪೂರ್ತಿ ಕೆಲಸಕ್ಕೆ ಹೋಗತೊಡಗಿದ್ದರು. ಮುಂದಿನ ಸೆಮಿಸ್ಟರಿನ ಮಾತು ಆ ಮನೆಯಲ್ಲಿ ಇನ್ನೂ ತೀರ್ಮಾನವಾಗಿರಲಿಲ್ಲ. "ಅಪ್ಪ ಏನೂ ಹೇಳ್ತಿಲ್ಲ ಮೇಡಂ. ನಾನೂ ಕೇಳ್ತಿಲ್ಲ" ಎಂದಿದ್ದಳು ರೇಣುಕಾ.

ಹೀಗಿರುವಾಗ ಒಂದು ಸಂಜೆ ಮಳೆ ಬಂತು. ದಂಡು ಪ್ರದೇಶದ ನಮ್ಮ ಕಚೇರಿಗೆ ಆ ಹೊತ್ತಿಗೆ ಮೇಲಿನವರು ಬಂದಿದ್ದರು. ಪ್ರಯೋಗವನ್ನು ಇಡೀ ನಗರಕ್ಕೆ ಹಬ್ಬಿಸಬೇಕೇ ಎಂಬ ಮಾತುಕತೆ. ಜಯದೇವ ಸಾಹೇಬರು ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ವ್ಯಾನುಗಳು ಚುಕ್ಕೆಗಳಾಗಿ ಚಲಿಸುವುದನ್ನು ತೋರಿಸುತ್ತಿದ್ದರು. "ನೋಡಿ ಸಾರ್, ಎಲ್ಲಾ ಲೈವ್. ಈ ಮಳೇಲೂ ಒಂದೊಂದು ಗಾಡಿ ಎಲ್ಲಿದೆ ಅಂತ ಗೊತ್ತಾಗುತ್ತೆ."

ಬಂದವರಲ್ಲಿ ಒಬ್ಬರು ಕನ್ನಡಕ ಸರಿಮಾಡಿಕೊಂಡು, "ಈ ಚುಕ್ಕೆ ಎಲ್ಲಿದೆ? ಇದು ಕೆರೆ ಅಲ್ವೇನ್ರೀ?" ಎಂದರು.

ಕೆರೆಯೇ. ಕೆ.ಆರ್. ಪುರದ ವ್ಯಾನಿನ ಚುಕ್ಕೆ ಕೆರೆಯ ನಟ್ಟನಡುವೆ ನಿಂತಿತ್ತು. ಮೀನಿನ ಹಾಗೆ ಆಗಾಗ ಸ್ವಲ್ಪ ಅಲುಗುತ್ತಿತ್ತು ಬೇರೆ.

ಯಾರೋ ನಕ್ಕರು. ಅಷ್ಟರಲ್ಲಿ ನನ್ನ ಫೋನು ಅಲುಗಿತು. ಮೊದಲ ಬಾರಿಗೆ ಶರಣಪ್ಪನ ಹೆಸರು.

"ಮೇಡಮ್ಮಾರ, ಗಾಡಿ ಬಂದಿಲ್ರಿ. ಪಕ್ಕದ ಮನಿ ಹುಡುಗ ಫೋನಿನಾಗ ನೋಡಿ, ಕೆರಿಯಾಗ ಅದ ಅಂತ ಹೇಳ್ಲತ್ತಾನ್ರಿ." ಅವರ ಧ್ವನಿ ಗಟ್ಟಿಯಾಗಿರಲಿಲ್ಲ. ಗಟ್ಟಿಯಾಗಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಮುನಿರಾಜುವಿಗೆ ಮಾಡಿದೆ. ಸ್ವಿಚ್ಡ್ ಆಫ್. ರೇಣುಕಾಳಿಗೆ ಮಾಡಿದೆ. ಹೋಗಲಿಲ್ಲ. ಆ್ಯಪ್ ನೋಡಿಕೊಳ್ಳುವ ಕಂಪನಿಯವರಿಗೆ ಮಾಡಿದರೆ, ನಿಮ್ಮ ಕರೆ ನಮಗೆ ಬಹಳ ಮುಖ್ಯ ಎಂದು ಒಂದು ಹೆಣ್ಣು ದನಿ ಹೇಳುತ್ತಲೇ ಹೋಯಿತು. ಪರದೆಯ ಚುಕ್ಕೆ ತಪ್ಪಿರಬಹುದು ಎಂದು ನನ್ನ ಬುದ್ಧಿಗೆ ಗೊತ್ತಿತ್ತು. ಆದರೆ ಕೆರೆಯ ಏರಿಯ ಮೇಲಿನ ರಸ್ತೆಗೆ ತಡೆಗೋಡೆ ಅಲ್ಲಲ್ಲಿ ಬಿದ್ದಿರುವುದೂ ಗೊತ್ತಿತ್ತು. ಆ ಗೋಡೆಯ ಬಗ್ಗೆ ನಾವೇ ಪತ್ರ ಬರೆದಿದ್ದೆವು. ಪೊಲೀಸರಿಗೆ ವಿಷಯ ತಿಳಿಸಿ, ಸಾಹೇಬರಿಗೆ "ಸಾರ್, ನಾನು ಹೋಗ್ತೀನಿ" ಎಂದು ಹೇಳಿ ಎದ್ದೆ. ಸಾಹೇಬರು ತಮ್ಮ ಕೊಡೆ ಕೊಟ್ಟರು.

ರಸ್ತೆಯಲ್ಲಿ ಕಚೇರಿಯ ಕಾರು ತೆವಳುತ್ತಿರಲಿಲ್ಲ, ತೇಲುತ್ತಿತ್ತು. ಹೇಗೋ ಹಲಸೂರು ಮೆಟ್ರೊ ಸೇರಿ ಕೆ.ಆರ್. ಪುರದಲ್ಲಿ ಇಳಿದೆ. ಏರಿಯ ಕಡೆ ದಾರಿ ಸಿಗದೆ ಸುತ್ತು ಬಳಸಿ ಬಂದಿದ್ದ ಶರಣಪ್ಪ ನಿಲ್ದಾಣದ ಮೆಟ್ಟಿಲ ಬುಡದಲ್ಲಿ ತಲೆಗೆ ಗೊಬ್ಬರದ ಚೀಲ ಮಡಿಸಿ ಹಾಕಿಕೊಂಡು ನಿಂತಿದ್ದರು. ನನ್ನನ್ನು ಬೈಯುತ್ತಾರೆ ಎಂದುಕೊಂಡಿದ್ದೆ. "ನೀವ್ಯಾಕ ಬಂದ್ರಿ ಇಂಥ ಮಳಿಯಾಗ" ಎಂದಷ್ಟೇ ಅಂದು ಮುಂದೆ ನಡೆದರು. ನಾನು ಹಿಂದೆ. ನೀರು ಮೊಣಕಾಲ ಹತ್ತಿರ ಬಂತು. ಸಾಹೇಬರ ವಿದೇಶಿ ಕೊಡೆ ಮೊದಲ ಗಾಳಿಗೇ ಹೂವಿನಂತೆ ಮೇಲಕ್ಕೆ ಅರಳಿಕೊಂಡಿತು. ಶರಣಪ್ಪ ತಿರುಗಿ ನೋಡಿ ತಮ್ಮ ಚೀಲವನ್ನು ಬಿಚ್ಚಿ ನನ್ನ ತಲೆಗೆ ಹಾಕಿದರು.

ದಾರಿಯಲ್ಲಿ ಅವರು ಒಮ್ಮೆ ಮಾತ್ರ ಬಾಯಿ ಬಿಟ್ಟರು. "ಕಾಲೇಜ್ ಬಿಡಸ್ತೀನಿ ಅಂದಾಗ ಅಕಿ ಅಳಲಿಲ್ರಿ. ಆಯ್ತಪ್ಪ ಅಂದ್ಳು. ಅತ್ತಿದ್ರ ಬಿಡಿಸಿಬಿಡ್ತಿದ್ನೋ ಏನೋ." ಇಬ್ಬರ ಕಣ್ಣೂ ಕೆರೆಯ ಕಡೆಯ ಕತ್ತಲಿನಲ್ಲಿತ್ತು.

ಏರಿ ಹತ್ತುವ ಮೊದಲೇ ವ್ಯಾನು ಸಿಕ್ಕಿತು. ರಸ್ತೆಯ ಬದಿಗೆ ನಿಂತಿತ್ತು, ಚಕ್ರದ ಅರ್ಧಕ್ಕೆ ನೀರು, ಒಳಗೆ ಯಾರೂ ಇಲ್ಲ. ಶರಣಪ್ಪ ಖಾಲಿ ಸೀಟುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಅಲ್ಲಿ ಸ್ವಲ್ಪ ದೂರದಲ್ಲಿ ಬಣ್ಣದ ದೀಪ ಹಾಕಿದ ಕಲ್ಯಾಣ ಮಂಟಪವೊಂದಿತ್ತು. ಯಾರನ್ನಾದರೂ ಕೇಳೋಣ ಎಂದು ಒಳಗೆ ನುಗ್ಗಿದೆವು.

ಯಾರದ್ದೋ ನಿಶ್ಚಿತಾರ್ಥ. ಊಟದ ಮನೆಯಲ್ಲಿ ಸಾಲಾಗಿ ಬಾಳೆ ಎಲೆ, ಸಾಲಾಗಿ ನಮ್ಮ ವಿದ್ಯಾರ್ಥಿಗಳು. ಎಲ್ಲರೂ ಬಿಸಿಬೇಳೆಬಾತ್ ತಿನ್ನುತ್ತಿದ್ದರು. ಮುನಿರಾಜು ಎರಡನೇ ಸಲ ಬಡಿಸಿಕೊಳ್ಳುತ್ತಿದ್ದ. ನನ್ನನ್ನು ಕಂಡು ಎಲೆಯ ಮೇಲೆ ಕೈ ಅಡ್ಡ ಹಿಡಿದು, "ಮೇಡಂ! ಏರಿ ಮೇಲೆ ನೀರು ಹರೀತಿತ್ತು, ಮುಂದೆ ಹೋಗೋ ಧೈರ್ಯ ಬರ್ಲಿಲ್ಲ. ಫೋನು ನೀರಲ್ಲಿ ಬಿದ್ದೋಯ್ತು" ಎಂದ. ಉಳಿದವರ ಫೋನುಗಳಿಗೆ ಸಿಗ್ನಲ್ಲೇ ಇರಲಿಲ್ಲ. ಹುಡುಗರಿಬ್ಬರು ನಡೆದು ಹೋಗುತ್ತೇವೆ ಎಂದು ಇಳಿದಿದ್ದರಂತೆ. ರೇಣುಕಾ ಬಾಗಿಲಿಗೆ ಅಡ್ಡ ನಿಂತು, "ಯಾರೂ ಹೋಗಂಗಿಲ್ಲ. ಎಲ್ಲಾರೂ ಕೂಡೇ ಇರ್ಬೇಕು" ಎಂದು ತಡೆದು, ಮಂಟಪದವರನ್ನು ಕೇಳಿ ಎಲ್ಲರನ್ನೂ ಒಳಗೆ ಕರೆತಂದಿದ್ದಳು. ಹೆಣ್ಣಿನ ಕಡೆಯವರು ಇವರನ್ನು ಗಂಡಿನ ಕಡೆಯವರೆಂದು, ಗಂಡಿನ ಕಡೆಯವರು ಹೆಣ್ಣಿನ ಕಡೆಯವರೆಂದು ತಿಳಿದು ಇಬ್ಬರೂ ಪೈಪೋಟಿಯಿಂದ ಉಪಚರಿಸಿದ್ದರು.

ಶರಣಪ್ಪ ಬಾಗಿಲಲ್ಲೇ ನಿಂತುಬಿಟ್ಟಿದ್ದರು. ಮೈಯಿಂದ ನೀರು ಇಳಿಯುತ್ತಿತ್ತು. ರೇಣುಕಾ ನೋಡಿದಳು, ಎದ್ದಳು. ಓಡಿ ಬಂದು ಅಪ್ಪಿಕೊಳ್ಳುತ್ತಾಳೆ ಎಂದು ನಾನು ನನ್ನ ಕಣ್ಣನ್ನು ಸಿದ್ಧ ಮಾಡಿಕೊಂಡಿದ್ದೆ. ಆ ಮನೆಯಲ್ಲಿ ಅಂಥ ಪದ್ಧತಿ ಇಲ್ಲ. "ಅಪ್ಪಾ, ಊಟ ಮಾಡ್ತಿ?" ಎಂದಳು. ಅವರು ತಲೆಯಾಡಿಸಿ ಗೋಡೆಗೆ ಒರಗಿ ಕೂತರು. ಅವಳು ಎಲೆ ಹಾಕಿದಳು. ಅವರ ಕೈಯಿಂದ ಮೊದಲ ತುತ್ತು ಎಲೆಗೇ ಬಿತ್ತು.

ಊಟ ಮುಗಿಸಿ ಕೈ ತೊಳೆದು ಬಂದು ಅವರು ನನ್ನ ಎದುರು ನಿಂತರು. ನಾಳೆಯಿಂದ ಕಾಲೇಜು ಬೇಡ ಎನ್ನುವ ಮಾತಿಗೆ ನಾನು ಮನಸ್ಸಿನಲ್ಲೇ ಉತ್ತರ ಹುಡುಕುತ್ತಿದ್ದೆ.

"ನಾಳಿಗಿ ಗಾಡಿ ಬರ್ತದೇನ್ರಿ?" ಎಂದರು.

"ಬರುತ್ತೆ" ಎಂದೆ. ಹಾಗೆ ಹೇಳುವ ಅಧಿಕಾರ ನನಗಿರಲಿಲ್ಲ.

ಮರುದಿನ ಬೆಳಿಗ್ಗೆ ಸಾಹೇಬರ ಕೋಣೆಗೆ ಹೋದರೆ ಅವರು ತಲೆಗೆ ಕೈ ಕೊಟ್ಟು ಕೂತಿದ್ದರು. ಕೆರೆಯ ನಡುವಿನ ಚುಕ್ಕೆಯ ಚಿತ್ರ ಎಲ್ಲ ವಾಟ್ಸಾಪ್ ಗುಂಪುಗಳಲ್ಲಿ ಈಜುತ್ತಿತ್ತು. ಪ್ರಯೋಗವನ್ನು ತಕ್ಷಣಕ್ಕೆ ನಿಲ್ಲಿಸಿ ಎಂದು ಮೇಲಿನಿಂದ ಸೂಚನೆ ಬರುವಂತಿತ್ತು. ಬರುವ ಮೊದಲು ತಾವೇ ನಿಲ್ಲಿಸಿದರೆ ಮರ್ಯಾದೆ ಉಳಿಯುತ್ತದೆ ಎಂದು ಅವರ ಲೆಕ್ಕಾಚಾರ.

"ಸಾರ್, ಮಳೆಗೆ ಏರಿ ಮೇಲೆ ನೀರು ಬಂತು ಅಂತ ಚಾಲಕ ಗಾಡಿ ನಿಲ್ಲಿಸಿದ. ಮಕ್ಕಳು ಒಟ್ಟಿಗೆ ಇದ್ರು. ಸಿಗ್ನಲ್ ಸಿಗದೆ ತಪ್ಪಿದ್ದು ಚುಕ್ಕೆ, ಗಾಡಿ ಅಲ್ಲ. ಚುಕ್ಕೆ ಸರಿಮಾಡೋಣ, ಮಳೆ ಜೋರಾದಾಗ ಕಾಯೋಕೆ ಒಂದು ಜಾಗ ಗೊತ್ತು ಮಾಡೋಣ" ಎಂದೆ.

"ನಿಮಗೇನು ಮೇಡಂ, ನೀವು ರಿಟೈರ್ ಆಗಿಹೋಗ್ತೀರಿ. ಉತ್ತರ ಹೇಳ್ಬೇಕಾದವನು ನಾನು" ಎಂದರು. ಕೋಪದಿಂದಲ್ಲ, ಸುಸ್ತಿನಿಂದ. ಅದೂ ಸರಿಯಾದ ಮಾತೇ. ನಾನು ಸುಮ್ಮನಾದೆ. ಆದರೆ ಮೇಜಿನ ಮೇಲಿಟ್ಟಿದ್ದ ನನ್ನ ಫೋನು ಸುಮ್ಮನಾಗಲಿಲ್ಲ. ಬೆಳಗಿನ ಹೊತ್ತು, ಗಾಡಿಗೆ ಕಾಯುವವರೆಲ್ಲ ಒಬ್ಬರ ಹಿಂದೊಬ್ಬರು ಮಾಡುತ್ತಿದ್ದರು. ಮಾತು ಮುಂದುವರಿಯಲು ಬಿಡದ ಆ ಸದ್ದಿಗೆ ರೋಸಿಹೋಗಿ ಸಾಹೇಬರು ತಾವೇ ಫೋನು ಎತ್ತಿ, "ಹಲೋ, ನಾನು ಡೈರೆಕ್ಟರ್ ಮಾತಾಡೋದು" ಎಂದರು.

ಆ ಕಡೆ ಫಿಲೋಮಿನಾ ಪಾಟಿ. ನಿರ್ದೇಶಕರನ್ನು ಕಂಡು ಹೆದರುವ ವಯಸ್ಸನ್ನು ಅವರು ಎಂದೋ ದಾಟಿದ್ದರು. ತಮಿಳಿನಲ್ಲಿ ಶುರುವಾಗಿ ನಡುವೆ ಕನ್ನಡಕ್ಕೆ ಹೊರಳಿ, ಸಿಟ್ಟು ಏರಿದಾಗ ಇಂಗ್ಲಿಷಿಗೆ ಹತ್ತಿದ ಆ ಮಾತು ನನಗೆ ಮೇಜಿನ ಈಚೆಗೂ ಸ್ಪಷ್ಟವಾಗಿ ಕೇಳುತ್ತಿತ್ತು. ಪರೀಕ್ಷೆ ಇದೆ, ಹುಡುಗ ಬೀದಿಯಲ್ಲಿ ನಿಂತಿದ್ದಾನೆ, ನೀನು ಅಲ್ಲಿ ಕೂತು ಏನು ಮಾಡುತ್ತಿದ್ದೀಯಪ್ಪಾ ಎಂಬುದು ಸಾರಾಂಶ. ಸಾಹೇಬರು ಕುರ್ಚಿಯಲ್ಲಿ ನೆಟ್ಟಗಾದರು. "ಇಲ್ಲ ಅಮ್ಮಾ... ಹೌದಮ್ಮಾ... ನಿಂತಿಲ್ಲ ಅಮ್ಮಾ, ಯಾರು ಹೇಳಿದ್ದು ನಿಂತಿದೆ ಅಂತ? ಬರುತ್ತೆ. ಹತ್ತು ನಿಮಿಷ."

ಫೋನು ಇಟ್ಟು ನನ್ನ ಮುಖ ನೋಡಿದರು. ನಾನು ಕಿಟಕಿಯ ಹೊರಗೆ ನೋಡಿದೆ.

"ಏನ್ ನಿಂತಿದೀರಿ, ಗಾಡಿ ಕಳಿಸ್ರೀ" ಎಂದರು.

ಗೊತ್ತು ಮಾಡಿದ ಅವಧಿ ಮುಗಿಯುವವರೆಗೂ ಜೊತೆಗಾಡಿ ಓಡಿತು. ಮಳೆ ಬಂದಾಗ ಕಾಯಲು ಮೂರ್ನಾಲ್ಕು ಕಡೆ ಕಲ್ಯಾಣ ಮಂಟಪದವರನ್ನೇ ಒಪ್ಪಿಸಿದೆವು. ಮಕ್ಕಳು ಮಳೆಗಾಲವನ್ನು ಆಸೆಯಿಂದ ಎದುರು ನೋಡುತ್ತಿದ್ದರು ಎಂದು ಬೇರೆ ಹೇಳಬೇಕಿಲ್ಲ. ಮೇಲಿನಿಂದ ಬೈಗುಳ ಬಂದಾಗ ಜಯದೇವ ಸಾಹೇಬರು ಒಬ್ಬರೇ ಹೋಗಿ ಕೇಳಿಸಿಕೊಂಡು ಬಂದರು. ಅವಧಿ ಮುಗಿದ ಮೇಲೆ ಯೋಜನೆಯನ್ನು ಇಡೀ ನಗರಕ್ಕೆ ಹಬ್ಬಿಸುವ ಪ್ರಸ್ತಾವ ಸಮಿತಿಗೆ ಹೋಯಿತು. ಸಮಿತಿ ಉಪಸಮಿತಿಯನ್ನು ಹೆತ್ತಿತು. ಅಷ್ಟರಲ್ಲಿ ನಾನು ನಿವೃತ್ತಳಾದೆ. ಕೆರೆಯ ಹಿಂದಿನ ಬಡಾವಣೆಯ ಅಪ್ಪ ಅಮ್ಮಂದಿರು ಉಪಸಮಿತಿಗೆ ಕಾಯದೆ ಮುನಿರಾಜುವನ್ನು ತಾವೇ ಗೊತ್ತು ಮಾಡಿಕೊಂಡರು. ಉಳಿದ ದಾರಿಗಳಲ್ಲಿ ಹಾಗಾಗಲಿಲ್ಲ, ಅಲ್ಲಿನ ಮಕ್ಕಳು ಮತ್ತೆ ರಸ್ತೆಗೆ ಬಂದರು. ಹೊಸಬರಿಗೆ ಈ ಸಂಗತಿಯನ್ನು ಮುಚ್ಚಿಡಲಾರೆ. ನಮ್ಮ ಕೆಲಸದಲ್ಲಿ ಅರ್ಧ ಆಗುವುದೇ ಹೆಚ್ಚು, ಉಳಿದರ್ಧಕ್ಕೆ ಮತ್ತೆ ಯಾರೋ ಕೂತು ಯೋಚಿಸಬೇಕು. ಈಗ ನೀವು ಯೋಚಿಸುತ್ತಿದ್ದೀರಲ್ಲ, ಬೇಗ ಯೋಚಿಸಿ.

ಇತ್ತೀಚೆಗೆ ಹಳೇ ಮದ್ರಾಸು ರಸ್ತೆಯ ಸಿಗ್ನಲ್ಲಿನಲ್ಲಿ ನನ್ನ ಆಟೊ ನಿಂತಿದ್ದಾಗ ಪಕ್ಕಕ್ಕೆ ಒಂದು ಸ್ಕೂಟರ್ ಬಂದು ನಿಂತಿತು. ಓಡಿಸುತ್ತಿದ್ದವಳು ಹೆಲ್ಮೆಟ್ಟಿನ ಗಾಜು ಎತ್ತಿ, "ಮೇಡಂ!" ಎಂದಳು. ರೇಣುಕಾ. ಬಿ.ಕಾಂ. ಮುಗಿಸಿ ದೊಮ್ಮಲೂರಿನ ಕಚೇರಿಯೊಂದರಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದಾಳಂತೆ. ಹಿಂದೆ ಶರಣಪ್ಪ, ತೊಡೆಯ ಮೇಲೆ ಕೆಲಸದ ಸಾಮಾನಿನ ಚೀಲ, ಒಂದು ಕೈಯಲ್ಲಿ ಸ್ಕೂಟರಿನ ಹಿಡಿ, ಇನ್ನೊಂದರಲ್ಲಿ ಮಗಳ ಭುಜ. ಇಂದಿರಾನಗರದಲ್ಲಿ ಏಳುತ್ತಿರುವ ಕಟ್ಟಡಕ್ಕೆ ಅವರನ್ನು ದಿನಾ ಅವಳೇ ಬಿಡುತ್ತಾಳೆ. ದೊಡ್ಡ ಹೆಲ್ಮೆಟ್ಟಿನೊಳಗೆ ಅವರ ಮುಖ ಎಷ್ಟು ಸಣ್ಣದಾಗಿತ್ತೆಂದರೆ ಕಣ್ಣು ಮಾತ್ರ ಕಾಣುತ್ತಿತ್ತು.

"ಹೇಗಿದೀರಿ ಶರಣಪ್ಪನೋರೆ?" ಎಂದೆ.

"ಆರಾಮ್ರಿ" ಎಂದರು. ಆಮೇಲೆ ಆಟೊದ ಕಡೆಗೆ ಬಾಗಿ, ಮಗಳಿಗೆ ಕೇಳಿಸದಂತೆ ಎಂದುಕೊಂಡು ಇಡೀ ಸಿಗ್ನಲ್ಲಿಗೆ ಕೇಳಿಸುವಂತೆ ಹೇಳಿದರು. "ಮೇಡಮ್ಮಾರ, ಅಕಿಗಿ ನೀವರ ಒಂದು ಮಾತು ಹೇಳ್ರಿ. 'ಯಪ್ಪಾ, ನೀ ಕಣ್ಮುಚ್ಚಿ ಕೂಡು' ಅಂತಾಳ್ರಿ ನನಗ. ಭಾಳ ಜೋರ್ ಹೊಡೀತಾಳ!"

ಹಸಿರು ದೀಪ ಬಂತು. ಅವರು ಕಣ್ಣು ಮುಚ್ಚಿಕೊಂಡರು.